ಆ ದ್ವೀಪದಲ್ಲಿ ಎಷ್ಟು ಜೈಲುಗಳಿವೆ?

ಒಂದು ಲೆಕ್ಕದಿಂದ ಶುರು ಮಾಡೋಣ. ಶೇಕ್ಸ್‌ಪಿಯರ್‌ನ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಒಟ್ಟು ಎಷ್ಟು ಜೈಲುಗಳಿವೆ?

ಈ ಪ್ರಶ್ನೆ ನನ್ನದಲ್ಲ. ಕೆನಡಾದ ಮಾರ್ಗರೆಟ್ ಅಟ್ವುಡ್ 2016ರಲ್ಲಿ ‘ಹ್ಯಾಗ್-ಸೀಡ್’ ಅಂತ ಒಂದು ಕಾದಂಬರಿ ಬರೆದರು. ಶೇಕ್ಸ್‌ಪಿಯರ್ ತೀರಿಕೊಂಡು 400 ವರ್ಷ ಆದಾಗ ಅವನ ನಾಟಕಗಳನ್ನು ಈಗಿನ ಲೇಖಕರಿಂದ ಕಾದಂಬರಿಯಾಗಿ ಬರೆಸಿದರಲ್ಲ, ಆ ಸಾಲಿನದು. ಅದರಲ್ಲಿ ಒಬ್ಬ ಮೇಷ್ಟ್ರು ಜೈಲಿನೊಳಗೆ ಕೈದಿಗಳಿಗೆ ಈ ನಾಟಕ ಪಾಠ ಮಾಡುತ್ತಾನೆ. ಪಾಠ ಅಂದ್ರೆ ಇದೇ ಲೆಕ್ಕ: ನಾಟಕದಲ್ಲಿ ಯಾರು ಯಾರನ್ನು ಎಲ್ಲೆಲ್ಲಿ ಕೂಡಿಹಾಕಿದ್ದಾರೆ, ಹುಡುಕಿ. ನಮ್ಮ ಕಾಲೇಜು ಹುಡುಗರಿಗೆ ಕೊಟ್ಟರೆ ಎರಡೋ ಮೂರೋ ಹೇಳಿ ಸುಮ್ಮನಾಗುತ್ತಾರೆ. ಕೈದಿಗಳು ಹಾಗಲ್ಲ, ಒಂದಾದ ಮೇಲೊಂದು ತೆಗೆಯುತ್ತಾರೆ. ಜೈಲು ಅಂದರೆ ಏನು ಅಂತ ಗೊತ್ತಿರುವವರಿಗೆ ಜೈಲು ಬೇಗ ಕಣ್ಣಿಗೆ ಬೀಳುತ್ತದೆ. ಒಂಬತ್ತನೆಯದು ಒಂದು ಮಾತ್ರ ಮೇಷ್ಟ್ರು ಕೊನೆಯವರೆಗೆ ಬಿಟ್ಟುಕೊಡುವುದಿಲ್ಲ. ನಾನೂ ಕೊನೆಗೇ ಹೇಳುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಾಸ್ಪೆರೋ ಅಂತ ಒಬ್ಬ, ಮಿಲಾನಿನ ಡ್ಯೂಕು. ರಾಜ್ಯಭಾರ ತಮ್ಮನ ಕೈಗೆ ಕೊಟ್ಟು ಪುಸ್ತಕ ಹಿಡಿದು ಕೂತ. ತಮ್ಮ ಸುಮ್ಮನಿರುತ್ತಾನಾ? ಅಣ್ಣನನ್ನೂ ಇನ್ನೂ ಮೂರು ತುಂಬದ ಮಗಳು ಮಿರಾಂಡಾಳನ್ನೂ ಹಳೇ ದೋಣಿಗೆ ಹಾಕಿ ಸಮುದ್ರಕ್ಕೆ ಬಿಟ್ಟ. ಇವರು ಒಂದು ದ್ವೀಪ ಸೇರಿದರು. 12 ವರ್ಷ ಆದ ಮೇಲೆ ಅದೇ ತಮ್ಮ, ಅವನಿಗೆ ಕೈಜೋಡಿಸಿದ ನೇಪಲ್ಸಿನ ರಾಜ, ಎಲ್ಲ ಇದ್ದ ಹಡಗು ಆ ಕಡೆ ಬರುತ್ತದೆ. ಪ್ರಾಸ್ಪೆರೋ ಮಂತ್ರದಿಂದ ಬಿರುಗಾಳಿ ಎಬ್ಬಿಸಿ ಅವರನ್ನೆಲ್ಲ ದಡಕ್ಕೆ ಎಳೆದುಕೊಳ್ಳುತ್ತಾನೆ. ಅಲ್ಲಿಂದ ಮುಂದಿನದೆಲ್ಲ ಒಂದೇ ಮಧ್ಯಾಹ್ನದ ಕಥೆ. ಸಂಜೆ ಆರರೊಳಗೆ ಕೆಲಸ ಮುಗಿಯಬೇಕು ಅಂತ ಅವನೇ ಹೇಳುತ್ತಾನೆ. 1611ರ ನವೆಂಬರ್ 1ರಂದು ಲಂಡನ್ನಿನಲ್ಲಿ ಇಂಗ್ಲೆಂಡಿನ ದೊರೆಯ ಮುಂದೆ ಇದನ್ನು ಆಡಿದ್ದಕ್ಕೆ ದಾಖಲೆ ಇದೆ.

ನಮಗೂ ಇದು ಹೊರಗಿನ ಕಥೆಯಾಗಿ ಉಳಿದಿಲ್ಲ. ಕುವೆಂಪು 1930ರಲ್ಲೇ ಇದನ್ನು ‘ಬಿರುಗಾಳಿ’ ಅಂತ ಕನ್ನಡಕ್ಕೆ ತಂದರು. ಇಲ್ಲಿ ಚಿಕ್ಕಮಗಳೂರು ಕಡೆಯವರು ಯಾರಾದರೂ ಇದ್ದರೆ ಖುಷಿಪಡಿ, ಅವರು ಹುಟ್ಟಿದ್ದು ನಿಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ‘ಬಿರುಗಾಳಿ’ ಬರೆದಾಗ ಅವರಿಗೆ ಸುಮಾರು 25 ವರ್ಷ. ಆಮೇಲೆ ಮಾಸ್ತಿಯವರು ‘ಚಂಡಮಾರುತ’ ಮಾಡಿದರು. ಇರಲಿ, ಜೈಲಿನ ಲೆಕ್ಕಕ್ಕೆ ಬರೋಣ.

ಮೊದಲನೇ ಕೈದಿ ಏರಿಯಲ್. ಗಾಳಿಯಂಥವನು, ಕೈಗೆ ಸಿಗುವವನಲ್ಲ. ಇವನನ್ನು ಸಿಕೊರಾಕ್ಸ್ ಅನ್ನುವ ಮಾಟಗಾತಿ ಒಂದು ಪೈನ್ ಮರವನ್ನು ಸೀಳಿ ಅದರ ಸಂದಿಯಲ್ಲಿ ಸಿಕ್ಕಿಸಿದ್ದಳು. ಸಿಕ್ಕಿಸಿ ಸತ್ತುಹೋದಳು. ಇವನು 12 ವರ್ಷ ಅಲ್ಲೇ ನರಳಿದ. ಪ್ರಾಸ್ಪೆರೋ ಬಂದು ಬಿಡಿಸಿದ. ಬಿಡಿಸಿ ಏನು ಮಾಡಿದ? ಕೆಲಸಕ್ಕೆ ಇಟ್ಟುಕೊಂಡ! ನಾಟಕದ ಶುರುವಿನಲ್ಲೇ ಏರಿಯಲ್ ಕೇಳುತ್ತಾನೆ, ‘ಒಡೆಯಾ, ಸುಳ್ಳು ಹೇಳದೆ, ತಪ್ಪು ಮಾಡದೆ, ಗೊಣಗದೆ ದುಡಿದಿದ್ದೀನಿ. ಒಂದು ವರ್ಷ ಕಡಿಮೆ ಮಾಡ್ತೀನಿ ಅಂತ ಮಾತು ಕೊಟ್ಟಿದ್ರಲ್ಲ.’ ಪ್ರಾಸ್ಪೆರೋಗೆ ಸಿಟ್ಟು ಬರುತ್ತದೆ. ನಿನ್ನನ್ನು ಯಾವ ನರಕದಿಂದ ಬಿಡಿಸಿದೆ ಅಂತ ಮರೆತೆಯಾ, ಅಂತ ಹಳೆಯದನ್ನೆಲ್ಲ ತೆಗೆಯುತ್ತಾನೆ. ಇನ್ನೊಂದು ಸಲ ಗೊಣಗಿದರೆ ಓಕ್ ಮರ ಸೀಳಿ ಇನ್ನೂ 12 ಚಳಿಗಾಲ ಒಳಗೆ ಹಾಕುತ್ತೇನೆ ಅನ್ನುತ್ತಾನೆ. ಏರಿಯಲ್ ‘ತಪ್ಪಾಯ್ತು’ ಅಂತಾನೆ.

ನಾನು ಮೊದಲ ಸಲ ಇದನ್ನು ಓದಿದಾಗ ಗಾಳಿ ದೇವತೆ ನನ್ನ ಕಣ್ಣ ಮುಂದೆ ಬರಲಿಲ್ಲ. ನಮ್ಮ ಅಜ್ಜನ ಪುಸ್ತಕ ಬಂತು.

ಅಜ್ಜ ಸಕಲೇಶಪುರದ ಆಚೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ರೈಟರ್ ಅಂದರೆ ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು. ಯಾರು ಕೆಲಸಕ್ಕೆ ಬಂದರು, ಎಷ್ಟು ಹಣ್ಣು ಕುಯ್ದರು, ಬಟವಾಡೆ ದಿನ ಯಾರ ಕೈಗೆ ಎಷ್ಟು. ಅಜ್ಜನ ಹತ್ತಿರ ಅದರ ಜೊತೆಗೆ ಇನ್ನೊಂದು ಪುಸ್ತಕ ಇತ್ತು, ಉದ್ದನೆಯದು, ಕೆಂಪು ಬಟ್ಟೆಯ ರಟ್ಟು. ಅದು ಮುಂಗಡದ ಪುಸ್ತಕ. ಮೇಸ್ತ್ರಿ ಘಟ್ಟದ ಕೆಳಗಿಂದ ಆಳುಗಳನ್ನು ಕರೆತರುವಾಗ ಮೊದಲು ಕೈಗೆ ಒಂದಿಷ್ಟು ದುಡ್ಡು ಕೊಡುತ್ತಿದ್ದ. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಇದ್ದಾಗ ಆ ದುಡ್ಡು ನಿಜವಾಗಿಯೂ ಜೀವ ಉಳಿಸಿದ ದುಡ್ಡೇ, ಅದನ್ನು ಇಲ್ಲ ಅನ್ನಲಾಗದು. ಆಮೇಲೆ ಅದು ಪುಸ್ತಕಕ್ಕೆ ಏರುತ್ತಿತ್ತು. ಹೆಸರು, ಮುಂಗಡ, ಕಡಿತ, ಬಾಕಿ. ಮಳೆಗಾಲ ಬರುತ್ತಿತ್ತು, ಹಬ್ಬ ಬರುತ್ತಿತ್ತು, ಮಗುವಿಗೆ ಜ್ವರ ಬರುತ್ತಿತ್ತು, ಮತ್ತೆ ಸ್ವಲ್ಪ ಮುಂಗಡ, ಹಾಗಾಗಿ ‘ಕಡಿತ’ ಅನ್ನುವ ಸಾಲಿನಲ್ಲಿ ಎಷ್ಟು ಬರೆದರೂ ‘ಬಾಕಿ’ ಅನ್ನುವ ಸಾಲು ಮಾತ್ರ ಸೊನ್ನೆ ಆಗುತ್ತಲೇ ಇರಲಿಲ್ಲ. ಬಾಕಿ ಇದ್ದವನು ಲೈನ್ ಮನೆ, ಅಂದರೆ ಆಳುಗಳಿಗೆ ತೋಟದವರು ಕೊಟ್ಟ ಸಾಲುಮನೆ, ಬಿಟ್ಟು ಹೋಗುವ ಹಾಗಿಲ್ಲ. ಹಗ್ಗ ಇಲ್ಲ, ಬೀಗ ಇಲ್ಲ.

‘ನಿನ್ನನ್ನು ಬಿಡಿಸಿದ್ದು ನಾನು ತಾನೇ?’ ಅನ್ನುವ ಪ್ರಾಸ್ಪೆರೋನ ಮಾತಿದೆಯಲ್ಲ, ಮುಂಗಡದ ಪುಸ್ತಕದ ಮಾತೂ ಅದೇ. ಮೊದಲ ಉಪಕಾರವೇ ಸಂಕೋಲೆ. 1976ರಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂತಲ್ಲ, ಅದು ಮುಖ್ಯವಾಗಿ ಹಿಡಿದದ್ದು ಇದನ್ನೇ, ಸಾಲ ಕೊಟ್ಟು ಆ ಸಾಲಕ್ಕೆ ಮನುಷ್ಯನ ದುಡಿಮೆಯನ್ನು ಕಟ್ಟಿಹಾಕುವುದನ್ನು. ಶೇಕ್ಸ್‌ಪಿಯರ್‌ಗೆ ನಮ್ಮ ತೋಟ ಗೊತ್ತಿರಲಿಲ್ಲ. ಆದರೆ ಅವನ ಕಾಲದ ಇಂಗ್ಲೆಂಡಿನಲ್ಲೂ ಇಂತಿಷ್ಟು ವರ್ಷ ಅಂತ ಬರೆದುಕೊಟ್ಟು ದುಡಿಯುವ ಹುಡುಗರಿದ್ದರು. ಏರಿಯಲ್ ‘ಒಂದು ವರ್ಷ ಕಡಿಮೆ’ ಅಂತ ಕೇಳಿದಾಗ ನಾಟಕ ನೋಡಲು ನಿಂತಿದ್ದ ಯಾವನೋ ಹುಡುಗ ತನ್ನ ವರ್ಷಗಳನ್ನು ಎಣಿಸಿಕೊಂಡಿರಬೇಕು ಅಂತ ನನಗೆ ಅನಿಸುತ್ತದೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಏರಿಯಲ್ ಮಾಡುವ ಕೆಲಸ ಏನು ಗಮನಿಸಿದ್ದೀರಾ? ಬೇರೆಯವರನ್ನು ಹಿಡಿಯುವುದು. ತಾನು ಬಿಡುಗಡೆ ಆಗಬೇಕಾದರೆ ಇನ್ನೊಬ್ಬರನ್ನು ಸೆರೆಗೆ ತರಬೇಕು. ಹಾಸನದವರಿಗೆ ಇದನ್ನು ಹೇಳುವಾಗ ಆನೆ ಅರ್ಜುನ ನೆನಪಾಗದೆ ಇರುವುದಿಲ್ಲ. 1968ರಲ್ಲಿ ಕಾಕನಕೋಟೆ ಕಾಡಿನಲ್ಲಿ, ಆನೆಗಳನ್ನು ಸುತ್ತುವರಿದು ಹಿಡಿಯುವ ಖೆಡ್ಡಾದಲ್ಲಿ ಸಿಕ್ಕ ಮರಿ. ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯ ಜೊತೆ ಕಾದಾಡಿ ಸತ್ತ. ಎಷ್ಟು ಜನ ಅತ್ತರು ಅಂತ ನಿಮಗೇ ಗೊತ್ತು. ಕಾಡಾನೆ ಹಿಡಿಯಬಾರದು ಅಂತ ನಾನು ಇಲ್ಲಿ ಹೇಳುತ್ತಿಲ್ಲ. ಆಲೂರು, ಸಕಲೇಶಪುರದಲ್ಲಿ ಕತ್ತಲಾದ ಮೇಲೆ ಮನೆಯಿಂದ ಹೊರಗೆ ಕಾಲಿಡಲು ಹೆದರುವ ಜನರ ಮುಂದೆ ಹಾಗೆ ಹೇಳುವ ಧೈರ್ಯವೂ ನನಗಿಲ್ಲ. ಹಿಡಿದ ಆನೆಯನ್ನು ದಿಮ್ಮಿಗಳಿಂದ ಕಟ್ಟಿದ ಕ್ರಾಲಿಗೆ ಹಾಕುತ್ತಾರೆ, ಕಬ್ಬು ಬೆಲ್ಲ ಕೊಟ್ಟು ಪಳಗಿಸುತ್ತಾರೆ, ಮಾವುತನ ಮಾತು ಕಲಿಸುತ್ತಾರೆ. ಪಳಗಿದ ಆನೆ ಮುಂದೆ ತನ್ನಂಥದ್ದೇ ಇನ್ನೊಂದನ್ನು ಹಿಡಿಯಲು ಬರುತ್ತದೆ. ಮರದೊಳಗೆ ಸಿಕ್ಕಿಸುವುದು ಅಂದರೆ ಬರೀ ಕಟ್ಟುಕಥೆ ಅಂತ ನಾವಂತೂ ಅನ್ನುವ ಹಾಗಿಲ್ಲ.

ಈಗ ಕ್ಯಾಲಿಬನ್. ಮಾಟಗಾತಿ ಸಿಕೊರಾಕ್ಸಳ ಮಗ. ‘ಹ್ಯಾಗ್-ಸೀಡ್’ ಅನ್ನುವುದು ಪ್ರಾಸ್ಪೆರೋ ಅವನಿಗೆ ಬೈಯುವ ಬೈಗುಳ, ‘ಮಾಟಗಾತಿಯ ಬೀಜ’ ಅಂದ ಹಾಗೆ. ಈ ದ್ವೀಪ ನನ್ನದು, ನನ್ನ ಅವ್ವನಿಂದ ಬಂದದ್ದು, ನೀನು ಕಿತ್ತುಕೊಂಡೆ ಅಂತ ಅವನು ಮುಖಕ್ಕೆ ಹೇಳುತ್ತಾನೆ. ನೀನು ಬಂದಾಗ ನೆತ್ತಿ ಸವರಿದೆ, ಹಣ್ಣು ನೆನೆಸಿದ ನೀರು ಕೊಟ್ಟೆ, ನಾನು ನಿನಗೆ ಸಿಹಿನೀರಿನ ಸೆಲೆ ತೋರಿಸಿದೆ, ಈಗ ನೋಡು, ಬಂಡೆಯೊಳಗೆ ಹಂದಿಯ ಹಾಗೆ ಕೂಡಿಹಾಕಿದ್ದೀಯ. ಪ್ರಾಸ್ಪೆರೋನ ಕಡೆಗೂ ಉತ್ತರ ಇದೆ: ಇವನು ಮಿರಾಂಡಾಳ ಮೇಲೆ ಕೈ ಮಾಡಲು ಹೋಗಿದ್ದ. ಕ್ಯಾಲಿಬನ್ ಅದನ್ನು ಅಲ್ಲಗಳೆಯುವುದೂ ಇಲ್ಲ, ನಗುತ್ತಾನೆ. ಇಲ್ಲಿ ಶೇಕ್ಸ್‌ಪಿಯರ್ ನಮ್ಮನ್ನು ಆರಾಮಾಗಿ ಕೂರಲು ಬಿಡುವುದಿಲ್ಲ. ಕ್ಯಾಲಿಬನ್ ಪಾಪದವನು ಅಂತ ಎದೆಗೆ ಅಪ್ಪಿಕೊಳ್ಳಲು ಆಗುವುದಿಲ್ಲ, ನೀಚ ಅಂತ ಕೈ ತೊಳೆದುಕೊಳ್ಳಲೂ ಆಗುವುದಿಲ್ಲ. ಅವನ ತಪ್ಪು ನಿಜ, ಅವನ ಜಮೀನು ಹೋದದ್ದೂ ನಿಜ. ಒಂದರಿಂದ ಇನ್ನೊಂದು ವಜಾ ಆಗುವುದಿಲ್ಲ.

‘ನನಗೆ ಮಾತು ಕಲಿಸಿದೆ, ಅದರಿಂದ ಆದ ಲಾಭ ಅಂದರೆ ನನಗೀಗ ಬೈಯಲು ಬರುತ್ತದೆ’ ಅನ್ನುವುದು ಅವನ ಹೆಸರಾಂತ ಮಾತು. ಅಟ್ವುಡ್ ಇದನ್ನು ಹಿಡಿದು ಒಳ್ಳೇ ತಮಾಷೆ ಮಾಡಿದ್ದಾರೆ. ಕಾದಂಬರಿಯ ಜೈಲಿನಲ್ಲಿ ಮೇಷ್ಟ್ರ ಕಟ್ಟಪ್ಪಣೆ: ತರಗತಿಯಲ್ಲಿ ಬೈಯಬಹುದು, ಆದರೆ ನಾಟಕದಲ್ಲಿರುವ ಬೈಗುಳ ಮಾತ್ರ. ತಮ್ಮ ಮಾಮೂಲಿ ಬೈಗುಳ ಆಡಿದರೆ ಅಂಕ ಕಟ್. ಅದಕ್ಕೆ ಆ ಕೈದಿಗಳು ನಾಟಕವನ್ನು ಸಾಲು ಸಾಲಾಗಿ ಜಾಲಾಡುತ್ತಾರೆ. ಎಂತೆಂಥ ಪರೀಕ್ಷೆಗೂ ಯಾರೂ ಅಷ್ಟು ಚೆನ್ನಾಗಿ ಓದಿರಲಿಕ್ಕಿಲ್ಲ. ಹಾಸನದ ಹುಡುಗರಿಗೆ ಈ ಪಂದ್ಯ ಇಟ್ಟರೆ ಹೇಗಿರುತ್ತದೆ ಅಂತ ನನಗೆ ಆಸೆ ಇದೆ, ನಮಗೆ ಬೈಗುಳದ ಬಡತನ ಇಲ್ಲ.

ಆದರೆ ಕ್ಯಾಲಿಬನ್ನನ ಮಾತು ತಮಾಷೆಗಷ್ಟೇ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲು ಗೊತ್ತಲ್ಲ, ಮಂಡೇಲಾ ಇದ್ದದ್ದು. ಅಲ್ಲಿ ಸೋನಿ ವೆಂಕಟರತ್ನಂ ಅನ್ನುವ ಕೈದಿಯ ಹತ್ತಿರ ಶೇಕ್ಸ್‌ಪಿಯರ್‌ನ ಸಮಗ್ರ ಕೃತಿಗಳ ಒಂದು ಪ್ರತಿ ಇತ್ತು. ಕಾವಲಿನವರು ಕಿತ್ತುಕೊಳ್ಳಬಾರದು ಅಂತ ಅದರ ಹೊದಿಕೆಗೆ ದೀಪಾವಳಿ ಕಾರ್ಡುಗಳನ್ನು ಅಂಟಿಸಿ ಇದು ನಮ್ಮ ಧರ್ಮಗ್ರಂಥ ಅಂದುಬಿಟ್ಟರು. ಆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮಗೆ ಇಷ್ಟವಾದ ಸಾಲಿನ ಪಕ್ಕ ಸಹಿ ಹಾಕಿದರು. ಮಂಡೇಲಾ ‘ಜೂಲಿಯಸ್ ಸೀಸರ್’ನಲ್ಲಿ ಸಹಿ ಮಾಡಿದರು, 1977ರ ಡಿಸೆಂಬರ್ 16ರ ತಾರೀಕು ಹಾಕಿ. ಬಿಲ್ಲಿ ನಾಯರ್ ಅನ್ನುವ ಹೋರಾಟಗಾರರು ಆರಿಸಿದ್ದು ಯಾವ ಸಾಲು ಗೊತ್ತಾ? ‘ಈ ದ್ವೀಪ ನನ್ನದು.’ ಜೈಲಾಗಿದ್ದ ದ್ವೀಪದಲ್ಲಿ ಕೂತು, ಕೈದಿಯೊಬ್ಬ, ಆ ಸಾಲಿನ ಪಕ್ಕ ಹೆಸರು ಬರೆಯುತ್ತಾನೆ. ನಾನು ಇದರ ಮೇಲೆ ಇನ್ನೇನೂ ಹೇಳುವುದಿಲ್ಲ.

ಮುಂದಿನದನ್ನು ದಯವಿಟ್ಟು ಗಮನ ಇಟ್ಟು ಕೇಳಿ, ನನಗೆ ಈ ನಾಟಕದಲ್ಲಿ ತುಂಬ ಇಷ್ಟವಾದ ಜಾಗ. ಎರಡನೇ ಅಂಕದ ಕೊನೇ ದೃಶ್ಯ ಶುರುವಾಗುವಾಗ ಕ್ಯಾಲಿಬನ್ ಸೌದೆ ಹೊರೆ ಹೊತ್ತು ರಂಗಕ್ಕೆ ಬರುತ್ತಾನೆ, ಶಾಪ ಹಾಕುತ್ತಾ. ಇಬ್ಬರು ಕುಡುಕರು ಸಿಗುತ್ತಾರೆ. ಅವರು ಕುಡಿಸಿದ ಹೆಂಡಕ್ಕೆ ಸೋತು, ನೀನೇ ನನ್ನ ಹೊಸ ಧಣಿ ಅಂತ ಒಬ್ಬನ ಕಾಲಿಗೆ ಬೀಳುತ್ತಾನೆ. ಬಿದ್ದು ‘ಸ್ವಾತಂತ್ರ್ಯ! ಸ್ವಾತಂತ್ರ್ಯ!’ ಅಂತ ಕುಣಿಯುತ್ತಾನೆ. ಧಣಿ ಬದಲಾದದ್ದಕ್ಕೇ ಅಷ್ಟು ಕುಣಿತ. ನಗು ಬರುತ್ತದೆ, ಆಮೇಲೆ ನಮ್ಮ ಚುನಾವಣೆ ದಿನದ ಪಟಾಕಿ ನೆನಪಾಗಿ ನಗು ನಿಲ್ಲುತ್ತದೆ. ಸರಿ, ಆ ದೃಶ್ಯ ಮುಗಿದು ಮುಂದಿನದು ಶುರು. ಯಾರು ಬರುತ್ತಾರೆ? ನೇಪಲ್ಸಿನ ರಾಜಕುಮಾರ ಫರ್ಡಿನೆಂಡ್. ಹೆಗಲ ಮೇಲೆ ಏನು? ಮರದ ದಿಮ್ಮಿ!

ಅದೇ ದ್ವೀಪ, ಅದೇ ಧಣಿ, ಅದೇ ಸೌದೆ. ಆದರೆ ರಾಜಕುಮಾರ ಪ್ರೀತಿಯಲ್ಲಿ ಬಿದ್ದಿದ್ದಾನೆ. ದಿನಕ್ಕೆ ಒಂದು ಸಲ ಈ ಹುಡುಗಿಯ ಮುಖ ಕಂಡರೆ ಸಾಕು, ಜೈಲೂ ನನಗೆ ಬೇಕಾದಷ್ಟು ವಿಶಾಲ ಅಂತ ಅವನು ಮೊದಲೇ ಹೇಳಿರುತ್ತಾನೆ. ಅವನು ದಿಮ್ಮಿ ಹೊತ್ತರೆ ಅದು ಪರೀಕ್ಷೆ, ಕೊನೆಗೆ ಬಹುಮಾನವಾಗಿ ಮಗಳು ಸಿಗುತ್ತಾಳೆ. ಕ್ಯಾಲಿಬನ್ ಹೊತ್ತರೆ ಅದು ಅವನ ಹಣೆಬರಹ. ಹೊರೆ ಒಂದೇ, ಹೊತ್ತವನ ಹೆಸರು ಬೇರೆ. ತೋಟದ ಸಾಹುಕಾರರ ಮಗ ರಜಕ್ಕೆ ಬಂದಾಗ ಎರಡು ದಿನ ಆಳುಗಳ ಜೊತೆ ಹಣ್ಣು ಕುಯ್ದರೆ ಊರೆಲ್ಲ ಮೆಚ್ಚುತ್ತದೆ, ಅಲ್ವಾ?

ರಾಜನನ್ನೂ ಅವನ ಪರಿವಾರವನ್ನೂ ಏರಿಯಲ್ ಮರದ ತೋಪಿನಲ್ಲಿ ಮಂತ್ರದಿಂದ ಅಲುಗಾಡದ ಹಾಗೆ ನಿಲ್ಲಿಸಿರುತ್ತಾನೆ. ಅದೂ ಒಂದು ಜೈಲು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಅಲ್ಲಿ ಒಂದು ಮಾತು ಬರುತ್ತದೆ. ಏರಿಯಲ್ ವರದಿ ಒಪ್ಪಿಸುತ್ತಾ, ಅವರ ಸ್ಥಿತಿ ನೋಡಿದರೆ ನಿಮ್ಮ ಮನಸ್ಸೂ ಕರಗುತ್ತದೆ ಅನ್ನುತ್ತಾನೆ. ‘ಹಾಗಂತೀಯಾ?’ ಅಂತ ಪ್ರಾಸ್ಪೆರೋ. ‘ನಾನು ಮನುಷ್ಯನಾಗಿದ್ದರೆ ನನ್ನದು ಕರಗುತ್ತಿತ್ತು, ಒಡೆಯಾ.’ ಇಡೀ ನಾಟಕ ತಿರುಗುವುದು ಈ ಒಂದು ಮಾತಿನ ಮೇಲೆ. ಸೇಡಿಗೆ ಅಂತಲೇ ಬಿರುಗಾಳಿ ಎಬ್ಬಿಸಿದವನಿಗೆ ಕನಿಕರ ಅಂದರೇನು ಅಂತ ಹೇಳಿಕೊಡುವವನು ಅವನದೇ ಕೈದಿ, ಅದೂ ಮನುಷ್ಯನೇ ಅಲ್ಲದವನು.

ಇಲ್ಲಿಂದ ಕಾದಂಬರಿಗೆ ಹೋಗೋಣ, ಯಾಕೆಂದರೆ ಅಟ್ವುಡ್ ಹಿಡಿದದ್ದು ಪ್ರಾಸ್ಪೆರೋನ ಜೈಲನ್ನು. ಅವರ ಪ್ರಾಸ್ಪೆರೋ ಒಬ್ಬ ನಾಟಕದ ನಿರ್ದೇಶಕ, ಹೆಸರು ಫೀಲಿಕ್ಸ್. ದೊಡ್ಡ ನಾಟಕೋತ್ಸವದ ಮುಖ್ಯಸ್ಥ. ಜೊತೆಗಿದ್ದವನೇ ಹೊಂಚು ಹಾಕಿ ಅವನನ್ನು ಕೆಲಸದಿಂದ ತೆಗೆಸುತ್ತಾನೆ. ಫೀಲಿಕ್ಸ್ ಹೆಸರು ಬದಲಿಸಿಕೊಂಡು ಊರಾಚೆ ಒಂದು ಗುಡಿಸಿಲಿನಲ್ಲಿ 12 ವರ್ಷ ಕಳೆಯುತ್ತಾನೆ, ಮನಸ್ಸಿನಲ್ಲಿ ಸೇಡು ಅರೆಯುತ್ತಾ. ಹೊಟ್ಟೆಪಾಡಿಗೆ ಜೈಲಿನಲ್ಲಿ ಕೈದಿಗಳಿಗೆ ಶೇಕ್ಸ್‌ಪಿಯರ್ ಹೇಳಿಕೊಡುವ ಕೆಲಸ ಹಿಡಿಯುತ್ತಾನೆ. ಹಳೇ ಶತ್ರುಗಳು ಈಗ ಮಂತ್ರಿಗಳು, ಒಂದು ದಿನ ಆ ಜೈಲಿಗೇ ಬರುತ್ತಾರೆ ಅಂತ ಗೊತ್ತಾಗುತ್ತದೆ. ಯಾವ ನಾಟಕ ಆಡಿಸುತ್ತಾನೆ ಅಂತ ಬೇರೆ ಹೇಳಬೇಕಾ?

ಪಾತ್ರ ಹಂಚುವ ಭಾಗ ಓದಲೇಬೇಕು. ಏರಿಯಲ್ ಪಾತ್ರ ಯಾರಿಗೂ ಬೇಡ, ಅದು ಗಂಡಸಿನ ಪಾತ್ರವೇ ಅಲ್ಲ ಅಂತ ಅವರ ತಕರಾರು. ಕ್ಯಾಲಿಬನ್ ಅಂದರೆ ಎಲ್ಲರೂ ನಾನು ತಾನು. ಕೊನೆಗೆ ಒಬ್ಬ ಕಂಪ್ಯೂಟರ್ ಕಳ್ಳ ಏರಿಯಲ್ ಆಗುತ್ತಾನೆ, ಗಾಳಿಯಲ್ಲಿ ಓಡಾಡುವ ವಿದ್ಯೆ ಅವನಿಗೇ ತಾನೇ ಗೊತ್ತಿರುವುದು. ಇದೆಲ್ಲ ಕೆನಡಾದ ಕಥೆ ಅಂತ ದೂರ ಇಡಬೇಡಿ. ನಮ್ಮ ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟಿಮನಿಯವರು ಜೈಲುಗಳ ಒಳಗೆ ಹೋಗಿ ಬಂದಿಗಳಿಂದಲೇ ನಾಟಕ ಆಡಿಸಿದವರು. ನಾಟಕಕಾರ ಎಚ್.ಎಸ್. ಶಿವಪ್ರಕಾಶರು ಶೇಕ್ಸ್‌ಪಿಯರ್‌ನದೇ ಮ್ಯಾಕ್‌ಬೆತ್‌ ಕಥೆಯನ್ನು ಕನ್ನಡದ ನೆಲಕ್ಕೆ ತಂದ ‘ಮಾರನಾಯಕ’ವನ್ನೂ ಅವರು ಬಂದಿಗಳ ಕೈಯಲ್ಲಿ ಮಾಡಿಸಿದ್ದಾರೆ. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಪಾತ್ರ, ಅದು ಜೈಲಿನೊಳಗೆ. ಯೋಚನೆ ಮಾಡಿ.

ಫೀಲಿಕ್ಸನ ವಿಷಯಕ್ಕೆ ಬಂದರೆ, ಜೈಲಿನ ತಪಾಸಣೆ ಗೇಟು ದಾಟಿ ಸಂಜೆ ಮನೆಗೆ ಹೋಗುವ ಅವಕಾಶ ಇರುವವನು ಅವನು. ಹೋಗುವುದು ಎಲ್ಲಿಗೆ? ಅವನಿಗೂ ಮಿರಾಂಡಾ ಅಂತ ಮಗಳಿದ್ದಳು. ಮೂರು ವರ್ಷಕ್ಕೆ ಮೆದುಳು ಜ್ವರದಿಂದ ತೀರಿಕೊಂಡಳು. ಅವನು ಅವಳನ್ನು ಹೋಗಲು ಬಿಟ್ಟಿಲ್ಲ. ಆ ಗುಡಿಸಿಲಿನಲ್ಲಿ ಅವಳು ಅವನ ಜೊತೆಗೇ ಬೆಳೆಯುತ್ತಾಳೆ, ಚದುರಂಗ ಆಡುತ್ತಾಳೆ. ಮೂರು ಮತ್ತು ಹನ್ನೆರಡು, ಈಗ ಅವಳಿಗೆ ಹದಿನೈದು, ಥೇಟ್ ನಾಟಕದ ಮಿರಾಂಡಾಳ ವಯಸ್ಸು. ಇದು ಹುಚ್ಚು ಅಂತ ಅವನಿಗೂ ಗೊತ್ತು. ಸೇಡು ಮುಗಿದು, ಹಳೇ ಕುರ್ಚಿ ಸಿಕ್ಕು, ಎಲ್ಲ ಆದ ಮೇಲೆ ಕೊನೇ ಪುಟದಲ್ಲಿ, ಪ್ರಾಸ್ಪೆರೋ ಏರಿಯಲ್‌ಗೆ ಹೇಳುವ ಮಾತನ್ನೇ ಇವನು ಆ ಮಗಳಿಗೆ ಹೇಳುತ್ತಾನೆ: ಪಂಚಭೂತಗಳಲ್ಲಿ ಸೇರಿ ಹೋಗು, ನೀನಿನ್ನು ಸ್ವತಂತ್ರಳು. ಸತ್ತ ಮಗುವನ್ನು ಸೆರೆಯಲ್ಲಿ ಇಟ್ಟಿದ್ದ ತಂದೆ, ಆ ಸೆರೆಯ ಬಾಗಿಲಲ್ಲೇ ಕಾವಲು ಕೂತಿದ್ದ. ನಮ್ಮ ಮನೆಗಳಲ್ಲಿ ತೀರಿಕೊಂಡವರ ಕೋಣೆಯನ್ನು ಹಾಗೇ ಇಟ್ಟಿರುವುದು, ಸ್ಕೂಲ್ ಬ್ಯಾಗು ಮೊಳೆಯಲ್ಲಿ ಹಾಗೇ ತೂಗುತ್ತಿರುವುದು, ನೀವು ನೋಡಿಲ್ಲವಾ?

ಕಾದಂಬರಿಯಲ್ಲಿ ನನಗೆ ತಕರಾರೂ ಇದೆ. ಸೇಡು ತೀರುವ ಬಗೆ ಬಹಳ ಸಲೀಸು, ಎಲ್ಲವೂ ನಿರ್ದೇಶಕ ಅಂದುಕೊಂಡ ಹಾಗೇ ಆಗುತ್ತದೆ. ಆ ಜೈಲೂ ಸ್ವಲ್ಪ ಮೆತ್ತಗಿನ ಜೈಲು. ಏರಿಯಲ್ ಮಾಡಿದ ಹುಡುಗನಿಗೆ ಬೇಗ ಬಿಡುಗಡೆ ಸಿಗುತ್ತದೆ, ಉಳಿದ ಕೈದಿಗಳು ಒಳಗೇ. ಅವರ ಪ್ರತಿಭೆಯಿಂದ ಫೀಲಿಕ್ಸನ ಕೆಲಸ ಆಯಿತು. ಇದು ಮತ್ತೆ ಪ್ರಾಸ್ಪೆರೋನ ಕಥೆಯೇ ಆಯಿತಲ್ಲ ಅಂತ ನನಗೆ ಸಿಟ್ಟು ಬಂತು. ಅಟ್ವುಡ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಕೊನೆಗೆ ಕೈದಿಗಳು ತಮ್ಮ ತಮ್ಮ ಪಾತ್ರಗಳಿಗೆ ಮುಂದೇನಾಯಿತು ಅಂತ ಊಹೆ ಮಾಡಿ ಹೇಳುವ ಭಾಗ ಇಟ್ಟಿದ್ದಾರೆ. ಕ್ಯಾಲಿಬನ್ ಮಾಡಿದವನು, ಪ್ರಾಸ್ಪೆರೋನೇ ಕ್ಯಾಲಿಬನ್ನನ ಅಪ್ಪ ಅಂತ ವಾದ ಮಾಡುತ್ತಾನೆ! ‘ಈ ಕತ್ತಲಿನದು ನನ್ನದು ಅಂತ ಒಪ್ಪಿಕೊಳ್ಳುತ್ತೇನೆ’ ಅಂತ ನಾಟಕದಲ್ಲಿ ಪ್ರಾಸ್ಪೆರೋ ಹೇಳುವ ಸಾಲು ಅವನಿಗೆ ಸಾಕ್ಷಿ.

ಇನ್ನೂ ಕಟುವಾದದ್ದು ಬೇಕಾದರೆ ಮಾರ್ಟಿನೀಕ್ ದ್ವೀಪದ ಕವಿ ಎಮೆ ಸೆಸೇರ್ 1969ರಲ್ಲಿ ಈ ನಾಟಕಕ್ಕೆ ಮಾಡಿದ ಹೊಸ ರೂಪ ಇದೆ. ಅಲ್ಲಿ ಕ್ಯಾಲಿಬನ್ ಬರುತ್ತಲೇ ‘ಉಹುರು’ ಅನ್ನುತ್ತಾನೆ, ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಅಂತ. ಅಲ್ಲಿಯ ಪ್ರಾಸ್ಪೆರೋ ಕೊನೆಗೆ ಊರಿಗೆ ಹೋಗುವುದೇ ಇಲ್ಲ, ದ್ವೀಪದಲ್ಲೇ ಉಳಿದುಬಿಡುತ್ತಾನೆ. ಆಳು ಇಲ್ಲದೆ ಧಣಿಗೆ ತಾನು ಯಾರು ಅಂತಲೇ ಗೊತ್ತಿಲ್ಲ.

ಈಗ ಒಂಬತ್ತನೇ ಜೈಲು. ನಾಟಕದ ಕೊನೆಗೆ ಪ್ರಾಸ್ಪೆರೋ ಒಬ್ಬನೇ ರಂಗದ ಮುಂದೆ ಬರುತ್ತಾನೆ. ಮಂತ್ರ ಹೋಯಿತು, ಇರುವುದು ನನ್ನ ಸ್ವಂತ ಶಕ್ತಿ ಅಷ್ಟೇ, ಅದೂ ಬಹಳ ಕಡಿಮೆ ಅನ್ನುತ್ತಾನೆ. ನೀವು ಚಪ್ಪಾಳೆ ತಟ್ಟದೆ ಇದ್ದರೆ ನಾನು ಈ ಬರಡು ದ್ವೀಪದಲ್ಲೇ ಉಳಿಯುತ್ತೇನೆ. ನಾಟಕದ ಕಟ್ಟಕಡೆಯ ಮಾತು ‘ನನ್ನನ್ನು ಬಿಡಿಸಿ’. ಏರಿಯಲ್ ಕೇಳಿದ್ದನ್ನೇ, ಕ್ಯಾಲಿಬನ್ ಕೇಳಿದ್ದನ್ನೇ, ಕೊನೆಗೆ ಧಣಿಯೂ ಕೇಳುತ್ತಾನೆ. ಒಂಬತ್ತನೇ ಜೈಲು ಅಂದರೆ ಆ ನಾಟಕವೇ.

ಅದಕ್ಕೂ ಸ್ವಲ್ಪ ಮೊದಲು ಅವನು ಒಂದು ಮಾತು ಕೊಡುತ್ತಾನೆ: ಕೋಲು ಮುರಿದು ಹೂಳುತ್ತೇನೆ, ನನ್ನ ಪುಸ್ತಕವನ್ನು ಯಾವ ಹಗ್ಗವೂ ಮುಟ್ಟದ ಆಳಕ್ಕೆ ಮುಳುಗಿಸುತ್ತೇನೆ. ಕ್ಯಾಲಿಬನ್ನನಿಗೆ ಸಿಗುವ ಕೊನೇ ಅಪ್ಪಣೆ ಮಾತ್ರ, ಗುಹೆಯನ್ನು ಚೆನ್ನಾಗಿ ಓರಣ ಮಾಡು, ಕ್ಷಮೆ ಬೇಕಾದರೆ. ಅವನು ಹೋಗಿ ಗುಡಿಸುತ್ತಾನೆ ಅಂತ ಕಾಣುತ್ತದೆ. ಆಮೇಲೆ ಅವನ ಸುದ್ದಿಯೇ ಇಲ್ಲ.

ನಮ್ಮ ಅಜ್ಜ ಪುಸ್ತಕ ಮುಳುಗಿಸಲಿಲ್ಲ. ತೋಟ ಕೈ ಬದಲಾದಾಗ ಹೊಸಬರಿಗೆ ಅದು ಬೇಡವಾಯಿತು, ಇವರು ಮನೆಗೆ ತಂದು ಅಟ್ಟಕ್ಕೆ ಹಾಕಿದರು. ಅವರು ತೀರಿಕೊಂಡ ಮೇಲೆ ನಾನು ಇಳಿಸಿ ನೋಡಿದೆ. ಅಪ್ಪನ ಬಾಕಿಯನ್ನು ಮಗನ ಹೆಸರಿಗೆ ಬರೆದ ಪುಟಗಳಿದ್ದವು, ಅಜ್ಜನದೇ ಮುದ್ದಾದ ಅಕ್ಷರ. ಬೀಗದ ಕೈ ಇದ್ದವರು ಇವರೇ ಅಂತ ನಾನು ಅಷ್ಟು ವರ್ಷ ಒಳಗೊಳಗೇ ಮುನಿಸು ಇಟ್ಟುಕೊಂಡಿದ್ದೆ. ಮೊದಲ ಪುಟಕ್ಕೆ ತಿರುಗಿಸಿದೆ. ಮೊದಲ ಸಾಲಿನಲ್ಲಿ ಅಜ್ಜನ ಹೆಸರು. ಮಗಳ ಮದುವೆ ಬಾಬ್ತು ಮುಂಗಡ, ಅದರ ಕೆಳಗೆ ವರ್ಷ ವರ್ಷದ ಕಡಿತ, ಒಂದೂ ಬಿಡದೆ ಅವರ ಕೈಯಿಂದಲೇ ಬರೆದದ್ದು. ಕೊನೆಯಲ್ಲಿ, ಬಾಕಿ 340 ರೂಪಾಯಿ.